ಮುಂಬಾಗಿಲಿನ ಚೇಂಬರ್

“ಅಲ್ಲೇ ನಿಲ್ಲಿ. ಈ ಬಾಗಿಲಲ್ಲ. ಹಿಂದ್ಗಡೆ ಕೆಲ್ಲರಿಗೆ, ಅದೇ ನೆಲಮಾಳಿಗೆಗೆ, ಮೆಟ್ಟಿಲಿದೆ, ಅಲ್ಲಿಂದ ಬನ್ನಿ. ಶೂ ಗಲೀಜು” ಎಂದರು ಡಾಕ್ಟರ್ ಪ್ರಭಂಜನ.

ಬಾಳಪ್ಪ ತನ್ನ ಶೂ ನೋಡಿಕೊಂಡ. ನ್ಯೂರೆಂಬರ್ಗಿನ ಹೊರವಲಯದ ಈ ಮನೆಗೆ ಬರುವ ಮುಂಚೆ ಒರೆಸಿಕೊಂಡೇ ಬಂದಿದ್ದ. ಅಷ್ಟರಲ್ಲಿ ಹೀಟರ್ ರಿಪೇರಿಯ ಜರ್ಮನ್ ಆಸಾಮಿಯೊಬ್ಬ, ಅರ್ಧ ಅಂಗಳದ ಕೆಸರನ್ನು ಬೂಟಿಗೆ ಮೆತ್ತಿಕೊಂಡು, ಮುಂಬಾಗಿಲಿನಿಂದಲೇ ದಡದಡ ಒಳಗೆ ಹೋದ. ಪ್ರಭಂಜನ ನಗುತ್ತ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟರು.

ಹೋದ ವಾರ ಹೀಗಿರಲಿಲ್ಲ. ಪ್ರಭಂಜನ ಈ ಹಳೆಯ ಮನೆ ಕೊಂಡಿದ್ದರು, ಅದರ ಅರವತ್ತು ವರ್ಷದ ಚರಂಡಿ ಪೈಪುಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕಬೇಕಿತ್ತು. ಪೈಪಿನ ನಕ್ಷೆ ಬರೆಯಲು ಆಫೀಸಿನಿಂದ ಬಂದ ಬಾಳಪ್ಪ ಕನ್ನಡದವನೆಂದು ಗೊತ್ತಾದದ್ದೇ ತಡ, ಗಂಡಹೆಂಡತಿ ಇಬ್ಬರೂ ಕೈ ಹಿಡಿದು ಕರೆದೊಯ್ಯುವುದೊಂದು ಬಾಕಿ. ನಿರುಪಮಾ ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಕೊಟ್ಟರು. ಕಾಫಿ ಅರ್ಧವಾಗುವಷ್ಟರಲ್ಲಿ ಪ್ರಶ್ನೆಗಳು ಶುರುವಾದವು. ಊರು ಯಾವುದು, ಗೋಕಾಕದಲ್ಲಿ ಯಾವ ಓಣಿ, ಮನೆದೇವರು ಯಾವುದು. ಬೇಕಾದ ಉತ್ತರ ಎಲ್ಲೂ ಸಿಗದೆ ಪ್ರಭಂಜನ ನೇರವಾಗಿಯೇ ಕೇಳಿದರು, “ತಂದೆಯವ್ರು ಏನ್ಮಾಡ್ತಿದ್ರು?”

“ಮುನ್ಸಿಪಾಲ್ಟ್ಯಾಗ ಇದ್ರು ಸರ್. ಗಟಾರ ಬಳೀತಿದ್ರು, ಮ್ಯಾನ್‌ಹೋಲಿನ್ಯಾಗ ಇಳೀತಿದ್ರು. ನಾನೂ ಅದ ಲೈನಿನ್ಯಾಗ ಅದೀನಿ ನೋಡ್ರಿ. ಅವರು ಒಳಗ ಇಳೀತಿದ್ರು, ನಾ ಮ್ಯಾಲ ಕುಂತು ಚಿತ್ರ ಬರೀತೀನಿ.”

ಇದು ತಮಾಷೆ ಎಂದುಕೊಂಡು ಹೇಳಿದ್ದ. ಯಾರೂ ನಗಲಿಲ್ಲ. ಲೋಟ ಎತ್ತಿಕೊಂಡು ಹೋದ ನಿರುಪಮಾ ಅದನ್ನು ತೊಳೆಯುವ ಸದ್ದು ಅವನು ಗೇಟು ದಾಟುವವರೆಗೂ ಕೇಳಿಸುತ್ತಿತ್ತು.

ಇವತ್ತು ಕೆಲ್ಲರಿನಲ್ಲಿ, ವಾಷಿಂಗ್ ಮಷೀನಿನ ಪಕ್ಕದಲ್ಲಿ ಮಾತುಕತೆ. ಅದೇ ಕಾಫಿ ಕಾಗದದ ಕಪ್ಪಿನಲ್ಲಿ ಬಂತು. ರುಚಿ ಮಾತ್ರ ಹೋದ ವಾರದಷ್ಟೇ ಚೆನ್ನಾಗಿತ್ತು. ಅದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಎದ್ದು ಹೋಗಿಬಿಡಬಹುದಿತ್ತು. ಆದರೆ ಆಫೀಸಿನಲ್ಲಿ ಅವನ ಪ್ರೋಬೆಝೈಟ್, ಹೊಸಬನನ್ನು ಒರೆಗೆ ಹಚ್ಚಿ ನೋಡುವ ಆರು ತಿಂಗಳು, ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಗಿರಾಕಿಯಿಂದ ಒಂದು ದೂರು ಬಂದರೆ ಕೆಲಸ ಹೋಗುತ್ತದೆ, ಕೆಲಸದ ಬೆನ್ನಿಗೇ ವೀಸಾ ಹೋಗುತ್ತದೆ.

ನಕ್ಷೆಯನ್ನು ಮುಂದೆ ಚಾಚಿದ.

“ಅಲ್ಲಿಡಿ” ಎಂದರು ಪ್ರಭಂಜನ, ವಾಷಿಂಗ್ ಮಷೀನಿನ ಕಡೆ ಕಣ್ಣಿನಲ್ಲೇ ತೋರಿಸಿ. ಇಟ್ಟ. ಅವನು ಕೈ ಹಿಂದಕ್ಕೆ ತೆಗೆದುಕೊಂಡ ಮೇಲೆ ಎತ್ತಿಕೊಂಡರು.

“ದೇವರ ಮನೆಯಲ್ಲೊಂದು ಸಿಂಕ್ ಬರುತ್ತೆ. ಅಭಿಷೇಕದ ನೀರು, ದೇವರ ಪಾತ್ರೆ ತೊಳೆದ ನೀರು. ಅದು ಟಾಯ್ಲೆಟ್ ಪೈಪಿಗೆ ಸೇರಬಾರದು.”

“ತುಳಸಿ ಗಿಡಕ್ಕ ಬಿಡೂಣೇನ್ರಿ?”

“ಕೇಳಿದೆ. ಸಿಂಕಿನ ನೀರು ತೋಟಕ್ಕೆ ಬಿಡಬಾರದಂತೆ, ಆಮ್ಟಿನವರು, ಇಲ್ಲಿನ ಮುನಿಸಿಪಾಲಿಟಿಯವರು, ಒಪ್ಪಲ್ಲ. ಬೇರೆ ಪೈಪ್ ಹಾಕಿ.”

“ಹಾಕೂಣ್ರಿ. ಹಿಂದ ಗ್ಯಾರೇಜ್ ಬಾಜೂಕ ಹಳೇ ಚೇಂಬರ್, ಪೈಪು ಕೂಡೂ ಗುಂಡಿ, ಐತಿ. ಅಲ್ಲೀತನಕ ಬ್ಯಾರೆ ಬ್ಯಾರೆ ತಂದು ಅಲ್ಲಿ ಸೇರಸ್ತೀನಿ.”

“ಗ್ಯಾರೇಜೂ ನಮ್ಮ ಮನೆಯೇ ಅಲ್ವಾ? ನನ್ನ ಕಾಂಪೌಂಡಿನೊಳಗೆ ಸೇರಬಾರದು. ಗೇಟಿನವರೆಗೂ ಬೇರೆ ಬೇರೆ ಹೋಗಬೇಕು.”

“ರೋಡಿಗೆ ಹೋಗೂ ಪೈಪ್ ಒಂದ ಐತ್ರಿ. ಗೇಟಿಗೆ ಹತ್ತಿ ಸೇರಸಬೇಕಾಗತೈತಿ. ಎಲ್ಲಿ ಸೇರತಾವ, ಅಲ್ಲಿ ಚೇಂಬರ್ ಬೇಕ ಬೇಕು. ಅಂದ್ರ ಚೇಂಬರ್ ನಿಮ್ಮ ಮುಂಬಾಗಲಾ...”

“ನೋಡಿ ಬಾಳಪ್ಪ, ಮೂವತ್ತು ವರ್ಷದಿಂದ ರಿಸರ್ಚ್ ಮಾಡ್ತಿದೀನಿ. ನನಗೆ ಪೈಪಿನ ಪಾಠ ಬೇಡ. ಚೇಂಬರ್ ಎಲ್ಲಾದ್ರೂ ಬರಲಿ. ಇದು ಸಂಸ್ಕಾರದ ವಿಷಯ, ನಿಮಗೆ ಅರ್ಥ ಆಗಲ್ಲ.”

ಬಾಳಪ್ಪನ ನಾಲಿಗೆಯ ತುದಿಗೆ ಗೋಕಾಕದ ಗಟಾರವೇ ಬಂತು. ಕಾಫಿಯ ಜೊತೆ ನುಂಗಿಕೊಂಡ.

ಎಸ್-ಬಾನ್ ರೈಲಿನಲ್ಲಿ ಕೂತವನೇ ಅವ್ವನಿಗೆ ಫೋನು ಹಚ್ಚಿದ. “ಅವ್ವಾ, ಈ ಸೂಳಿಮಗ ಉಚ್ಚಿಗೊಂದು, ತೀರ್ಥಕ್ಕೊಂದು ಬ್ಯಾರೆ ಬ್ಯಾರೆ ರೋಡ್ ಬೇಕಂತಾನ.”

“ಹಾಕಿ ಕೊಡಲೇ, ನಿನ್ನ ಗಂಟೇನ್ ಹೋಗತೈತಿ” ಅಂದಳು ಅವ್ವ. “ನಿಮ್ಮಪ್ಪ ಇಳದಾಗ ಎಲ್ಲಾ ಕೂಡೇ ಬರತಿತ್ತು, ತೀರ್ಥಾನೂ, ಹೇಲೂ. ಕರಸಿದ ಭಾಡ್ಯಾಗೋಳು ಹತ್ತ ಹೆಜ್ಜಿ ದೂರ ನಿಂತು, ಮೂಗಿಗೆ ಅರಬಿ ಹಿಡಕೊಂಡು, ‘ಇನ್ನೂ ಸ್ವಲ್ಪ ಬಗ್ಗೋ, ಕಾಣಸ್ತೈತಿ’ ಅಂತ ಒದರತಿದ್ರು.”

ಬಾಳಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ. ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು, ಒಂದಕ್ಕೊಂದು ಮೈ ತಾಗಿಸದ ಎರಡು ಪೈಪು. ಅಷ್ಟು ಚಂದದ ನಕ್ಷೆಯನ್ನು ಅವನು ಅಲ್ಲಿಯವರೆಗೆ ಬರೆದಿರಲಿಲ್ಲ. ಚೇಂಬರ್ ಬಂದು ಕೂತದ್ದು ಗೇಟಿಗೂ ಮುಂಬಾಗಿಲಿನ ಮೆಟ್ಟಿಲಿಗೂ ನಡುವಿನ ಒಂದೂವರೆ ಮೀಟರ್ ಜಾಗದಲ್ಲಿ, ನಿರುಪಮಾ ಶುಕ್ರವಾರ ರಂಗೋಲಿ ಹಾಕುವಲ್ಲಿ. ಅಲ್ಲೊಂದು ಕೆಂಪು ವೃತ್ತ ಎಳೆದು, ಜರ್ಮನ್ನಿನಲ್ಲಿ ಬರೆದು, ಮೇಲಿಂದ ಕನ್ನಡದಲ್ಲೂ ‘ಚೇಂಬರ್ ಇಲ್ಲಿ ಬರುತ್ತದೆ’ ಎಂದು ಬರೆದ. ಪ್ರಭಂಜನ ಎರಡು ಪೈಪು ಬೇರೆ ಬೇರೆ ಇರುವುದನ್ನಷ್ಟೇ ಬೆರಳಿಟ್ಟು ನೋಡಿ, ಹಾಳೆ ಹಾಳೆಗೂ ಸಹಿ ಜಡಿದು, ರಜೆಗೆಂದು ಮೈಸೂರಿಗೆ ಹೋದರು. ತಿರುಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಅವರು ರಾತ್ರಿ ಕತ್ತಲಲ್ಲಿ ಬಂದಿಳಿದ ಮರುದಿನ ಬೆಳಿಗ್ಗೆಯೇ ತಪಾಸಣೆ. ಆಮ್ಟಿನ ಹೆಂಗಸು ಫಾರಂ ಹಿಡಿದು ಬಂದಿದ್ದಳು. ಬಾಳಪ್ಪ ಈ ಸಲ ಮುಂದಿನ ಗೇಟಿನಿಂದಲೇ ಬಂದ. ಬೇರೆ ದಾರಿಯೇ ಇರಲಿಲ್ಲ, ಕೆಲಸ ಇದ್ದದ್ದೇ ಅಲ್ಲಿ. ಮಡಿಪಂಚೆಯಲ್ಲಿ ಹೊರಬಂದ ಪ್ರಭಂಜನ, ಮೆಟ್ಟಿಲ ಬುಡದಲ್ಲಿ ಹರಿವಾಣದಷ್ಟು ಅಗಲದ ಕಬ್ಬಿಣದ ಮುಚ್ಚಳ ತೋರಿಸಿ ಕಿರುಚಿದರು. “ಏನ್ರೀ ಇದು? ಬಾಗಿಲ ಮುಂದೆ ಕಕ್ಕಸಿನ ಗುಂಡಿ? ನಾಳೆಯಿಂದ ನೀವು ಕೆಲಸದಲ್ಲಿರಲ್ಲ, ನೋಡ್ತಿರಿ.”

ಬಾಳಪ್ಪನಿಗೆ ಹೆದರಿಕೆಯೇ ಆಯಿತು. ನಕ್ಷೆ ಬಿಚ್ಚಿ ಕೆಂಪು ವೃತ್ತದ ಮೇಲೆ ಬೆರಳಿಟ್ಟ. “ನಿಮ್ಮ ಸಹಿ ಐತ್ರಿ. ಕನ್ನಡದಾಗೂ ಬರದೀನಿ. ಹೇಳಾಕ ಬಂದಿದ್ದೆ, ಪಾಠ ಬ್ಯಾಡ ಅಂದ್ರಿ.”

ಆಮ್ಟಿನ ಹೆಂಗಸು ಸಹಿ ನೋಡಿ ತಲೆಯಾಡಿಸಿದಳು. ಮೇಲೊಂದು ಮ್ಯಾಟಾದರೂ ಹಾಕಬಹುದೇ ಎಂದು ನಿರುಪಮಾ ಕೇಳಿದರು. ಮ್ಯಾಟು ಬೇಡ, ಕುಂಡ ಬೇಡ, ಯಾವಾಗ ಬೇಕಾದರೂ ತೆರೆಯುವಂತಿರಬೇಕು ಎಂದಳು. ಬಳಿಕ ನಿರುಪಮಾಗೆ ಎರಡು ಬಣ್ಣದ ಪುಡಿ ಕೊಟ್ಟು ಒಳಗೆ ಕಳಿಸಿದಳು, ಟಾಯ್ಲೆಟ್ಟಿಗೆ ಕೆಂಪು, ದೇವರ ಸಿಂಕಿಗೆ ಹಸಿರು. ಎರಡೂ ಬಂದು ಸೇರುವುದನ್ನು ಮನೆಯ ಯಜಮಾನರೇ ಕಣ್ಣಾರೆ ನೋಡಿ ಸಹಿ ಮಾಡಬೇಕಿತ್ತು.

ಒಳಗೆ ಫ್ಲಶ್ ಸದ್ದಾಯಿತು. ಬಾಳಪ್ಪ ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಪ್ರಭಂಜನರ ಮುಂದೆ ಚಾಚಿದ.

“ಅಲ್ಲಿಡಿ” ಎಂದರು ಅವರು. ಅದು ಬಾಯಿಗೆ ಬಂದ ಅಭ್ಯಾಸ.

ಬಾಳಪ್ಪ ಇಟ್ಟ. ಇಟ್ಟು, ಗೇಟು ದಾಟಿ, ಒಂದೊಂದಾಗಿ ಎಣಿಸುತ್ತ ಹತ್ತು ಹೆಜ್ಜೆ ಹಿಂದಕ್ಕೆ ನಡೆದ. ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡ. ಆಮ್ಟಿನ ಹೆಂಗಸು ಗಡಿಯಾರ ನೋಡಿಕೊಂಡು, ಪ್ರಭಂಜನರ ಕಡೆ ತಿರುಗಿ ಜರ್ಮನ್ನಿನಲ್ಲಿ ‘ಬಿಟ್ಟೆ’, ದಯವಿಟ್ಟು ತೆರೆಯಿರಿ, ಎಂದಳು.

ಪ್ರಭಂಜನ ಪಂಚೆ ಎತ್ತಿಕಟ್ಟಿದರು. ಕೊಕ್ಕೆ ತೆಗೆದುಕೊಂಡು, ಎರಡು ಸಲ ತಪ್ಪಿ, ಮೂರನೆಯ ಸಲ ಮುಚ್ಚಳ ಎತ್ತಿದರು. ಮಂಡಿಯೂರಿ ಒಳಗೆ ಇಣುಕಿದರು.

“ಇನ್ನೂ ಸ್ವಲ್ಪ ಬಗ್ಗರಿ ಸರ್” ಎಂದು ಕೂಗಿದ ಬಾಳಪ್ಪ, “ಕಾಣಸ್ತೈತಿ.”