ಇಪ್ಪತ್ತೊಂದನೇ ಸಾಲು

ಬೆಳಗಿನ ನಾಲ್ಕೂವರೆಗೆ ಬನಶಂಕರಿಯಲ್ಲಿ ನಿಲ್ಲುವ ವ್ಯಾನಿಗೆ ಹನ್ನೊಂದು ಹೆಂಗಸರು ಹತ್ತುತ್ತಿದ್ದರು. ಏರ್‌ಪೋರ್ಟಿನಲ್ಲಿ ವಿಮಾನದ ಒಳಗನ್ನು ಗುಡಿಸಿ ಒರೆಸುವವರು. ಒಂದು ವಿಮಾನಕ್ಕೆ ಎಂಟು ನಿಮಿಷ, ನೂರೆಂಬತ್ತು ಸೀಟು. ಕಸ ಹೆಕ್ಕಬೇಕು, ವಾಂತಿ ಒರೆಸಬೇಕು, ಬೆಲ್ಟು ಮಡಚಬೇಕು. ಪ್ರತಿ ಸೀಟಿನಡಿ ಕೈಹಾಕಿ ಲೈಫ್ ಜಾಕೆಟ್ ಇದೆಯೇ ಎಂದು ಮುಟ್ಟಿ ನೋಡಿ ಹಾಳೆಯ ಮೇಲೆ ಟಿಕ್ ಹಾಕಬೇಕು. ಮುಟ್ಟುವಷ್ಟು ಪುರಸೊತ್ತು ಯಾರಿಗಿತ್ತು? ಟಿಕ್ ಬೀಳುತ್ತಿತ್ತು, ಅಷ್ಟೆ.

ವಸಂತಪುರದ ರುದ್ರಮ್ಮನೂ ಒಂದು ದಿನ ಹಾಗೆಯೇ ಹಾಕಿದಳು. ಆಮೇಲೆ ಉರುಳಿದ ಬಾಟಲಿಗೆ ಬಗ್ಗಿದರೆ ಇಪ್ಪತ್ತೊಂದನೇ ಸಾಲಿನ ಒಂದು ಬದಿಯಲ್ಲಿ ಜಾಕೆಟ್ ಇಡುವ ಮೂರು ಚೀಲವೂ ಖಾಲಿ.

"ಸಾರ್, ಇಲ್ಲಿ ಮೂರು ಜಾಕೆಟ್ಟೇ ಇಲ್ಲ."

"ಇಳೀರಮ್ಮಾ ಸಾಕು! ಲೇಟಾದ್ರೆ ನಿಮ್ಮಪ್ಪ ಬಂದು ಹಾರಿಸ್ತಾನಾ?" ಎಂದ ಸೂಪರ್‌ವೈಸರ್ ಸೋಮನಾಥ್.

ವಿಮಾನ ಅಂಡಮಾನಿಗೆ ಹೋಯಿತು. ಕೆಳಗೆ ಬರೀ ನೀರು. ಏನೂ ಆಗಲಿಲ್ಲ ನಿಜ. ಆದರೆ ಆ ಮೂರು ಸೀಟಿನಲ್ಲಿ ಯಾರು ಕೂತಿದ್ದರೋ ಎಂದು ರುದ್ರಮ್ಮ ಇಡೀ ದಿನ ಯೋಚಿಸಿದಳು.

ಆಗ ನೆನಪಾದವರು ಅನಂತಪದ್ಮನಾಭ. ವಿಮಾನ ಕಂಪನಿಯ ಸೇಫ್ಟಿ ಮ್ಯಾನೇಜರು. ಜಯನಗರದ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ, ಬಿಸ್ಕತ್ತು ಕೊಟ್ಟು ಹೇಳಿದ್ದರು: "ತಪ್ಪು ಎಲ್ರೂ ಮಾಡ್ತೀವಿ ಅಮ್ಮ. ಮುಚ್ಚಿಟ್ರೆ ಜನ ಸಾಯ್ತಾರೆ. ನೀವಾಗೇ ಬರೆದು ಹಳದಿ ಡಬ್ಬಿಗೆ ಹಾಕಿ. ಹೆಸರು ನನ್ನ ಬಿಟ್ಟು ಯಾರಿಗೂ ಗೊತ್ತಾಗಲ್ಲ. ಶಿಕ್ಷೆ ಇಲ್ಲ. ಕನ್ನಡದಲ್ಲೇ ಬರೀರಿ."

ರುದ್ರಮ್ಮನಿಗೆ ಬರೆಯಲು ಬಾರದು. ಪದ್ಮನಾಭನಗರದ ಲತಾಮಣಿ ಪಿಯುಸಿ ಓದಿದವಳು, ತಂಡದ ಹಾಜರಿ ಪುಸ್ತಕ ಬರೆಯುವವಳು. ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಬರೆದುಕೊಟ್ಟಳು.

"ರುದ್ರಕ್ಕಾ, ನೋಡ್ದೇ ಟಿಕ್ ಹಾಕ್ದೆ ಅಂತಾನೂ ಬರೀಲಾ?"

"ಬರಿಯೇ. ಎಂಟೇ ನಿಮಿಷ ಕೊಡ್ತಾರೆ ಅಂತಾನೂ ಬರಿ."

ಕೆಳಗೆ ರುದ್ರಮ್ಮನ ಹೆಸರು ಬರೆದು, ಹೆಬ್ಬೆಟ್ಟು ಒತ್ತಿಸಿ, ಹಳದಿ ಡಬ್ಬಿಗೆ ಹಾಕಿದಳು.

ಹದಿನೈದು ದಿನಕ್ಕೆ ಆ ಪತ್ರದ ನಕಲು ನೋಟಿಸ್ ಬೋರ್ಡಿಗೆ ಬಂತು. ಎಲ್ಲರೂ ಓದಿ ಕಲಿಯಲಿ ಅಂತ. ಹೆಸರು, ಹೆಬ್ಬೆಟ್ಟಿನ ಮೇಲೆ ಕಪ್ಪು ಬಳಿದಿತ್ತು. ಅಕ್ಷರದ ಮೇಲೆ ಬಳಿಯುವುದು ಯಾರಿಗೂ ಹೊಳೆದಿರಲಿಲ್ಲ.

ಸೋಮನಾಥ್ ಹಾಜರಿ ಪುಸ್ತಕ ತಂದು ಪಕ್ಕಕ್ಕೆ ಹಿಡಿದ. ಅದೇ ದುಂಡು ಅಕ್ಷರ.

"ಏನಮ್ಮಾ ಲೇಖಕಿ, ನಮ್ಮ ಅನ್ನಕ್ಕೇ ಮಣ್ಣು ಹಾಕ್ತೀಯಾ? ಪಾಸ್ ಬಿಚ್ಚು."

ಲತಾಮಣಿ ಕೊರಳಿಂದ ಗೇಟ್ ಪಾಸ್ ತೆಗೆದಳು. ಒಂದೇ ಒಂದು ಸಲ ರುದ್ರಮ್ಮನ ಕಡೆ ನೋಡಿದಳು. ಬಾಯಿ ಬಿಡಲಿಲ್ಲ.

ರುದ್ರಮ್ಮನೂ ಬಿಡಲಿಲ್ಲ. ಮನೆಯಲ್ಲಿ ಗಂಡ ಪಿಳ್ಳಣ್ಣ ಲಕ್ವ ಹೊಡೆದು ಮಲಗಿದ್ದ. ಈ ಕೆಲಸ ಹೋದರೆ ಇಎಸ್ಐ ಕಾರ್ಡು ಹೋಗುತ್ತದೆ, ಅವನ ಮಾತ್ರೆಯೂ ಹೋಗುತ್ತದೆ. ಬಕೆಟ್ ಎತ್ತಿಕೊಂಡು ತಲೆ ತಗ್ಗಿಸಿ ವಿಮಾನ ಹತ್ತಿದಳು.

ಮೂರು ದಿನ ತಡೆದಳು. ನಾಲ್ಕನೇ ದಿನ ಜಯನಗರಕ್ಕೆ ಹೋದಳು.

ಅನಂತಪದ್ಮನಾಭ ಎದ್ದು ನಿಂತು ಕುರ್ಚಿ ತೋರಿಸಿದರು. ಒಳ್ಳೆಯ ಮನುಷ್ಯ.

"ನಿಮ್ಮ ಪತ್ರ ಹೆಡ್ ಆಫೀಸಲ್ಲಿ ಎಲ್ರಿಗೂ ಹಿಡಿಸ್ತು ಅಮ್ಮ. ಇಡೀ ವರ್ಷದಲ್ಲೇ ಒಳ್ಳೇ ರಿಪೋರ್ಟು."

"ಸಾರ್, ಲತಾನ ತೆಗೆದ್ರು. ಅವ್ಳು ಬರೆದಿದ್ದು ಅಷ್ಟೇ. ತಪ್ಪು ನಂದು. ನಿಮಗೆ ಗೊತ್ತಲ್ಲ?"

"ಗೊತ್ತು."

"ಮತ್ತೆ ಹೇಳಿ ಅವ್ರಿಗೆ!"

"ಹೇಳೋ ಹಾಗಿಲ್ಲಮ್ಮ. ಬರೆದವರ ಹೆಸರು ನಾನು ಬಾಯಿಬಿಟ್ರೆ ಈ ಯೋಜನೇನೇ ಸತ್ತಂಗೆ. ನಾಳೆ ಯಾರು ನಂಬಿ ಬರೀತಾರೆ?"

"ಶಿಕ್ಷೆ ಇಲ್ಲ ಅಂದ್ರಲ್ಲ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. "ಅದು ನಮ್ಮ ಕಂಪನಿ ನೌಕರರಿಗೆ. ನೀವು ಕಾಂಟ್ರಾಕ್ಟ್ ಕಡೆಯವರು. ಅವರು ಯಾರನ್ನ ತೆಗೀತಾರೋ ನಾವು ಕೇಳಕ್ಕಾಗಲ್ಲ."

"ಬಿಸ್ಕತ್ತು ಕೊಟ್ಟಾಗ ಇದು ಹೇಳ್ಲಿಲ್ವಲ್ಲ."

ಅವರು ಮೆಲ್ಲಗೆ ಅಂದರು: "ನೀವೂ ಸುಮ್ಮನಿರಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಆ ಜಾಕೆಟ್ಟು ಇಟ್ರಾ ಸಾರ್?"

"ಅದು ಬೇರೆ ಡಿಪಾರ್ಟ್‌ಮೆಂಟು."

ಮರುದಿನ ಮತ್ತೆ ಅಂಡಮಾನಿನ ಅದೇ ವಿಮಾನ. ಹತ್ತು ಹೆಂಗಸರು ಒಳಗೆ ಹೋದರು. ರುದ್ರಮ್ಮ ಬಕೆಟ್ ಕೆಳಗಿಟ್ಟಳು.

"ಕೇಳ್ರಮ್ಮಾ. ಆ ಪತ್ರ ಬರೆಸಿದ್ದು ನಾನು. ಲತಾ ನನ್ನ ತಪ್ಪಿಗೆ ಹೋದ್ಳು. ನಾನು ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ."

ಬಾಗಿಲಲ್ಲಿದ್ದ ಸೋಮನಾಥ್ ನಕ್ಕ. "ಓಹೋ! ಹಂಗಾದ್ರೆ ಇವತ್ತು ನೀನೂ ಹೊರಡು. ಸಂಜೆ ಪಾಸ್ ಕೊಟ್ಟು ಹೋಗು. ಈಗ ಬೇಗ ಗುಡಿಸಿ, ಎಂಟೇ ನಿಮಿಷ."

ರುದ್ರಮ್ಮ ಪೊರಕೆ ಮುಟ್ಟಲಿಲ್ಲ. ನೇರ ಇಪ್ಪತ್ತೊಂದನೇ ಸಾಲಿಗೆ ಹೋಗಿ ಮಂಡಿಯೂರಿ ಸೀಟಿನಡಿ ಕೈ ಹಾಕಿದಳು.

"ಇಲ್ಲಿ ಇವತ್ತೂ ಇಲ್ಲ."

ಆಗ ತಂಡದ ರೇಣುಕವ್ವ ಪೊರಕೆ ಬಿಸಾಕಿ ಆರನೇ ಸಾಲಿನಲ್ಲಿ ಮಂಡಿಯೂರಿದಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು.

"ಇಲ್ಲೊಂದಿಲ್ಲ ರುದ್ರಕ್ಕಾ!"

"ಹದಿನಾಲ್ಕರಲ್ಲಿ ಕಿಟಕಿ ಪಕ್ಕದ್ದು ಇಲ್ಲ!"

"ಏಯ್, ಏಳ್ರೇ! ಟೈಮ್ ಆಯ್ತು!" ಸೋಮನಾಥ್ ಕಿರುಚಿದ.

ಎಂಟು ನಿಮಿಷ ಯಾವಾಗಲೋ ಮುಗಿದಿತ್ತು. ಕಸ ಹಾಗೇ ಬಿದ್ದಿತ್ತು. ಒಬ್ಬಳೂ ಏಳಲಿಲ್ಲ. ಹತ್ತು ಜನ ಸೀಟಿನಿಂದ ಸೀಟಿಗೆ ಮಂಡಿಯಲ್ಲೇ ಸರಿಯುತ್ತ, ಖಾಲಿ ಇದ್ದಲ್ಲಿ ಇಲ್ಲ ಎಂದು ಕೂಗಿ ಹೇಳುತ್ತಿದ್ದರು.

ಸೋಮನಾಥನ ಕೈಯಲ್ಲಿದ್ದ ಹಾಳೆಯಲ್ಲಿ ನೂರೆಂಬತ್ತು ಟಿಕ್ಕೂ ಆಗಲೇ ಬಿದ್ದಿದ್ದವು.