ಒಂದೇ ಕಾಲಿನ ಅಳತೆ

ಅಕ್ಕನ ಹೊಸ ಪ್ಯಾಂಟಿನ ಎಡಗಾಲಿನ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಬಿಚ್ಚುತ್ತಿದ್ದೆ. ನಮ್ಮ ಹೊಲಿಗೆ ಅಂಗಡಿಯಲ್ಲಿ ಚಿಕ್ಕಮ್ಮ ಗುಂಡಿ ಹಚ್ಚುತ್ತಿದ್ದಳು. ಅಕ್ಕ ಕಾಲು ಚಾಚಿ ಗೋಡೆಗೆ ಒರಗಿದ್ದಳು.

ನಾನು ಹೊಲಿದ ಪ್ಯಾಂಟು ಅಕ್ಕ ತೊಟ್ಟು ನೋಡಿದಾಗ ಎಡಗಡೆ ಮೀನಖಂಡದ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ನಮ್ಮಲ್ಲಿ ಟೇಪು ಹಿಡಿಯುವುದು ಬಲಗಾಲಿಗೆ ಮಾತ್ರ. ಇನ್ನೊಂದು ಅದರ ಜೋಡಿ ತಾನೆ?

"ಕತ್ತರಿ ಆಡಿಸೋವಾಗ ಗಮನ ಎಲ್ಲಿತ್ತೇ, ಮೂಗಿ?" ಎಂದಳು ಚಿಕ್ಕಮ್ಮ. ಮಾತು ಕಡಿಮೆಯೆಂದು ನನಗೆ ಆ ಹೆಸರು.

ಆದರೆ ಬಟ್ಟೆ ಮಡಚಿ ಪ್ಯಾಂಟಿನ ಎರಡು ಕಾಲನ್ನೂ ಒಟ್ಟಿಗೇ ಕತ್ತರಿಸಿದ್ದೆ. ಒಂದರ ಮೇಲೊಂದು ಹಾಸಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ಬೇರೆಯಾದದ್ದು ಯಾವುದು? ಟೇಪು ಹಿಡಿದು ಅಕ್ಕನ ಮುಂದೆ ಕೂತೆ.

"ಏಯ್, ಕಚಗುಳಿ ಆಗುತ್ತೆ ಕಣೇ."

ಎಡಗಾಲು ಬಲಗಾಲಿಗಿಂತ ಎರಡು ಬೆರಳಷ್ಟು ಹೆಚ್ಚು ದಪ್ಪವಿತ್ತು. ಮುಟ್ಟಿದರೆ ಬಿಸಿ. ಒತ್ತಿದಾಗ ಅಕ್ಕ ನಗು ನಿಲ್ಲಿಸಿ ಹಲ್ಲು ಕಚ್ಚಿದಳು.

ಅಕ್ಕನಿಗೆ ಕರುಳಿನ ಉರಿಯೂತ. ವರ್ಷಗಳಿಂದ ಇದ್ದದ್ದು ಈಚೆಗೆ ಮತ್ತೆ ಕೆರಳಿ, ಪಾಯಿಖಾನೆಗೆ ಓಡುವುದು, ರಕ್ತ ಹೋಗುವುದು, ಮಿಕ್ಕ ಹೊತ್ತೆಲ್ಲ ಮಲಗುವುದು ಇಷ್ಟೇ ಆಗಿತ್ತು. ಹಿಂದೆ ಆಸ್ಪತ್ರೆಯಿಂದ ಹೊರಡುವಾಗ, ರಕ್ತ ಹೆಪ್ಪುಗಟ್ಟಬಹುದು, ಕಾಲಿನ ಮೇಲೆ ನಿಗಾ ಇರಲಿ ಎಂದು ಸಿಸ್ಟರ್ ಹೇಳಿದ್ದರು. ಅದನ್ನು ನೆನಪಿಸಿದೆ.

"ಇರೋ ರಕ್ತವೆಲ್ಲ ಹರಿದು ಹೋಗ್ತಿದೆ, ಹೆಪ್ಪುಗಟ್ಟೋಕೆ ಉಳಿದಿರೋದಾದ್ರೂ ಎಷ್ಟು?" ಎಂದಳು ಅಕ್ಕ.

"ಕೂತೂ ಕೂತೂ ನೀರು ಇಳಿದಿದೆ ಅಷ್ಟೆ. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದ್ರೆ ಓಡಿಹೋಗುತ್ತೆ," ಎಂದು ಚಿಕ್ಕಮ್ಮ ಎಣ್ಣೆ ಬಿಸಿಮಾಡಲು ಒಳಗೆ ಹೋದಳು.

ಅಕ್ಕನ ಮಾತು ನನಗೂ ನಿಜವೆನಿಸಿತು. ಸೋರುವ ರಕ್ತ ಅದೇ ಮೈಯೊಳಗೆ ಗಟ್ಟಿಯಾಗುವುದು ಹೇಗೆ? ಕೇಳದೆ ಇರಲಾಗಲಿಲ್ಲ. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಜೀವ ಹೋದ ಹಾಗೆ. ಆದರೂ ಬಟ್ಟೆಯ ರಾಶಿಯ ಹಿಂದೆ ಕೂತು ವಾರ್ಡಿಗೆ ಫೋನ್ ಮಾಡಿದೆ.

ಸಿಸ್ಟರ್ ನಗಲಿಲ್ಲ. "ಒಳ್ಳೇ ಪ್ರಶ್ನೆ ಕೇಳಿದೆ ನೋಡಮ್ಮ. ಕರುಳು ಕೆರಳಿದಾಗ ಇಡೀ ಮೈಯ ರಕ್ತ ಬೇಗ ಹೆಪ್ಪುಗಟ್ಟೋ ಹಾಗಾಗುತ್ತೆ. ಅತ್ತ ಸೋರ್ತಿದ್ರೂ ಇತ್ತ ಕಾಲಲ್ಲಿ ಹೆಪ್ಪು ಕಟ್ಟಬಹುದು. ಅದು ಕಿತ್ತು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ. ಹೆಪ್ಪು ಹೌದೋ ಅಲ್ಲವೋ ಸ್ಕ್ಯಾನ್ ಮಾಡಿದ್ರೇ ಗೊತ್ತಾಗೋದು. ತಿಕ್ಕಬೇಡಿ. ಈಗಲೇ ಕರ್ಕೊಂಡು ಬನ್ನಿ."

ಈಚೆ ಬಂದಾಗ ಚಿಕ್ಕಮ್ಮನ ಅಂಗೈಯಲ್ಲಿ ಎಣ್ಣೆ ಹೊಳೆಯುತ್ತಿತ್ತು. ನಾನು ಅವಳ ಮಣಿಕಟ್ಟು ಹಿಡಿದೆ. ಸಿಸ್ಟರ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಷ್ಟು ಮಾತು ನನ್ನ ಬಾಯಿಂದ ಬಂದದ್ದನ್ನು ಇಬ್ಬರೂ ಕೇಳಿದ್ದಿಲ್ಲ. ಚಿಕ್ಕಮ್ಮನ ಬೆರಳಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿತು. ಅಕ್ಕ ತನ್ನ ಎರಡು ಕಾಲುಗಳನ್ನೂ ಪಕ್ಕಪಕ್ಕ ಇಟ್ಟು, ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತಿದ್ದಳು.

"ಚಿಕ್ಕಮ್ಮ, ಒಂದು ಗಾಡಿ ಕರೀರಿ," ಎಂದೆ.