ಮಲ್ಲಿಕಾಳ ಫ್ಲೆಕ್ಸ್

"ನಾಚಿಕೆ ಆಗುದಿಲ್ವಾ ಮಾರಾಯ್ತಿ? ಎಂಜಲು ತೊಳಿಯುವವರ ಸಾಲಲ್ಲಿ ನನ್ನ ಮುಖವಾ?"

ಲೀಲಾಧರ ಸೇಠರು ಕಳಂಬೋಲಿಯ ತಮ್ಮ ಹೋಟೆಲಿನ ಎದುರು ನಿಂತು ಮರಗಮ್ಮನಿಗೆ ಬೈಯುತ್ತಿದ್ದರು. ಅವರ ಪಾತ್ರೆ ತೊಳೆಯುವ ಯಾದಗಿರಿಯಿಂದ ಗಡಿ ದಾಟಿ ದುಡಿಯಲು ಬಂದ ಹೆಂಗಸರು ನಾವು. ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ, ಬಿದಿರಿಗೆ ಕಟ್ಟಿದ ಫ್ಲೆಕ್ಸ್ ನೋಡಿ ಹಲ್ಲು ಕಿರಿಯುತ್ತಿದ್ದೆವು. ಏನು ಮಾಡಿದರೂ ನಗು ತಡೆಯಲಾಗುತ್ತಿರಲಿಲ್ಲ.

ನಮ್ಮ ಜೋಪಡಿಗಳಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲ ಹುಡುಗಿ ಮರಗಮ್ಮನ ಮಗಳು ಮಲ್ಲಿಕಾ. ನಲವತ್ತೇಳು ಪರ್ಸೆಂಟ್. ಈ ಊರಲ್ಲಿ ಪುಢಾರಿಯ ಹುಟ್ಟುಹಬ್ಬಕ್ಕೂ ಫ್ಲೆಕ್ಸ್ ಏಳುತ್ತದೆ, ನಾವೂ ಏಳಿಸಿದೆವು. ನಡುವೆ ಮಲ್ಲಿಕಾ, ಕೆಳಗೆ ಶುಭ ಕೋರುವ ನಮ್ಮ ಮುಖಗಳು. ಮೇಲೊಬ್ಬ ದೊಡ್ಡ ಮನುಷ್ಯ ಇರಲೇಬೇಕೆಂದು ಫ್ಲೆಕ್ಸ್ ಅಂಗಡಿಯವನು ಹೇಳಿದ. ನಮಗೆ ಗೊತ್ತಿದ್ದ ದೊಡ್ಡ ಮನುಷ್ಯ ಸೇಠರೊಬ್ಬರೇ. 'ಮಾರ್ಗದರ್ಶಕರು' ಎಂದು ಅವರನ್ನೇ ಹಾಕಿಸಿಬಿಟ್ಟೆವು. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸೇಠರು ತಮ್ಮ ಮಗಳು ಸೌಜನ್ಯಳ ತೊಂಬತ್ತಾರು ಪರ್ಸೆಂಟಿನ ಮಾತು ಎತ್ತಿದರು. ತಮ್ಮವರ ಮಕ್ಕಳು ಸಿಎ ಆಗುತ್ತಾರೆ, ಗುಜರಾತಿಗಳ ಮಕ್ಕಳು ಡಾಕ್ಟರಾಗುತ್ತಾರೆ, ನಿಮ್ಮವರ ತಲೆಗೆ ಹತ್ತನೇ ಕ್ಲಾಸೇ ಹೆಚ್ಚಾಯಿತು ಎಂದರು. ನಾಳೆಯಿಂದ ಮಲ್ಲಿಕಾ ತರಕಾರಿ ಹೆಚ್ಚಲು ಬರಬೇಕು. ಕಾಲೇಜು ಗೀಲೇಜು ಅಂದರೆ ತಾಯಿಯ ಕೆಲಸವೂ ಹೋಯಿತು. ಏಣಿ ತರಿಸಿ, ಫ್ಲೆಕ್ಸ್ ಕಟ್ಟಿದ ಹಗ್ಗ ಕೊಯ್ಯಲು ಮರಗಮ್ಮನನ್ನೇ ಹತ್ತಿಸಿದರು.

ಅವಳು ತರಕಾರಿ ಚಾಕು ಹಿಡಿದು ಹತ್ತಿದಳು. ನಾವು ಏಣಿ ಹಿಡಿದೆವು. ನಮ್ಮ ನಗು ನಿಂತಿತ್ತು.

ಮರಗಮ್ಮ ಹಗ್ಗ ಮುಟ್ಟಲಿಲ್ಲ. ಸೇಠರ ತಲೆಯ ಸುತ್ತ ಚಾಕು ಆಡಿಸಿ, ಕುಂಬಳಕಾಯಿ ಹೋಳಿನಂತೆ ಕೊಯ್ದು ಕೆಳಗೆ ಬಿಟ್ಟಳು. ಅದು ಸೇಠರ ಕಾಲ ಬಳಿಯೇ ಬಿತ್ತು.

"ನಿನ್ನ ಮಾರಿ ನೀ ಒಯ್ಯಿ. ಉಳದದ್ದು ನಮ್ದದ. ನನ್ನ ಮಗಳು ಕಾಲೇಜಿಗಿ ಹೋಗ್ತಾಳ. ನಿನ್ನ ಬದನಿಕಾಯಿ ನೀನೇ ಹೆಚ್ಕೊ, ಭಾಡ್ಯಾ."

"ಅವ್ವಾ, ಗಿರೇಗಿ ತೂ, ಉತರ್ ನಾ," ಎಂದು, ಬೀಳ್ತಿ ಇಳಿ ಅಂತ ಈ ಊರಿನ ಹಿಂದಿಯಲ್ಲಿ ಕೂಗುತ್ತ, ಕೆಳಗೆ ನಿಂತ ಮಲ್ಲಿಕಾ ನಗುತ್ತಲೇ ಅಳುತ್ತಿದ್ದಳು.

ಅವ್ವ ಇಳಿದದ್ದು ಏಣಿಯ ಜಾಗ ಬದಲಿಸಲಷ್ಟೇ. ಫ್ಲೆಕ್ಸಿನ ಹಿಂದೆ ಏಣಿ ಹಾಕಿಸಿಕೊಂಡು ಮತ್ತೆ ಹತ್ತಿ, ಆ ತೂತಿನಲ್ಲಿ ತನ್ನ ಮುಖ ತೂರಿಸಿದಳು. ಕೆಳಗೆ 'ಮಾರ್ಗದರ್ಶಕರು' ಎಂದಿತ್ತು. ಎಲೆ ಅಡಿಕೆಯ ಕೆಂಪು ಹಲ್ಲು ಬಿಟ್ಟು ಅವಳು ನಕ್ಕಾಗ ನಾವು ಹುಚ್ಚರ ಹಾಗೆ ಕೇಕೆ ಹಾಕಿದೆವು.

ಒಳಗೆ ಊಟದ ಗಿರಾಕಿಗಳು ತಟ್ಟೆಗಾಗಿ ಕೂಗುತ್ತಿದ್ದರು. ಸೇಠರು ನಮ್ಮೊಬ್ಬೊಬ್ಬರ ಹೆಸರು ಹಿಡಿದು ಕರೆದರು. ಏಣಿ ಬಿಟ್ಟು ಯಾರೂ ಕದಲಲಿಲ್ಲ.